ಸರಾಸರಿ ಭಾವ

ಬೆಲೆ ಬಿದ್ದಷ್ಟೂ ಹಿಗ್ಗುವ ಹೂಡಿಕೆದಾರನನ್ನು ನೋಡಬೇಕಾದರೆ ನನ್ನ ಷಡ್ಡಕರನ್ನು ನೋಡಬೇಕು. ನನಗೆ ಅವರು ಭಾವ. 40 ರೂಪಾಯಿಯಂತೆ 1,000 ಷೇರು ಕೊಂಡರು. 20ಕ್ಕೆ ಇಳಿದಾಗ ಇನ್ನೂ 1,000, 10ಕ್ಕೆ ಇಳಿದಾಗ 2,000. “ನೋಡಯ್ಯಾ, ಸರಾಸರಿ 20ಕ್ಕೆ ತಂದುಬಿಟ್ಟೆ!” ಎಂದು ಬೀಗಿದರು. 30,000ಕ್ಕೆ ನಿಲ್ಲಬೇಕಿದ್ದ ನಷ್ಟ 40,000 ಆಗಿತ್ತು. ಅದರ ಸರಾಸರಿಯನ್ನು ಮಾತ್ರ ಅವರು ತೆಗೆಯಲಿಲ್ಲ.

ಭಾವನ ಪ್ರಕಾರ ಕಂಪನಿ ಕಲ್ಲುಗುಂಡಿನಂತಿದೆ. ಸಾಲ, ಪ್ರವರ್ತಕರು ಅಡವಿಟ್ಟ ಷೇರು, ರಾಜೀನಾಮೆ ಕೊಟ್ಟ ಆಡಿಟರ್ ಇವೆಲ್ಲ ಗೌಣ. ತಪ್ಪೆಲ್ಲ ಶಾರ್ಟ್ ಮಾಡುವವರದು. ಯುಗಾದಿ ಊಟದಲ್ಲಿ ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಶುರು ಮಾಡಿದರು: “ಬಾಂಬೆ ಆಪರೇಟರ್‌ಗಳು ಅದುಮಿ ಹಿಡಿದಿದ್ದಾರೆ ಕಣಯ್ಯಾ!”

“ಭಾವ, ನಿಮ್ಮ ಷೇರು ಟ್ರೇಡ್-ಟು-ಟ್ರೇಡ್‌ನಲ್ಲಿದೆ. ಬೆಳಿಗ್ಗೆ ಮಾರಿ ಸಂಜೆಯೊಳಗೆ ಕೊಂಡು ತೀರಿಸೋ ಹಾಗಿಲ್ಲ. ಫ್ಯೂಚರ್ಸೂ ಇಲ್ಲ. ಶಾರ್ಟ್ ಮಾಡೋದು ಹೇಗೆ?”

ಭಾವ ಹೋಳಿಗೆ ಮುರಿದರು. “ಅದೇ ಅವರ ಕೈಚಳಕ! ಮಾಡೋಕಾಗದ್ದನ್ನೂ ಮಾಡ್ತಾರೆ.”

ನಿಜವಾಗಿ ಶಾರ್ಟ್ ಮಾಡುವವನಿದ್ದಿದ್ದರೆ ಭಾವನಿಗೇ ಲಾಭವಿತ್ತು. ಇಲ್ಲದ್ದನ್ನು ಮಾರಿದವನು ಒಂದಲ್ಲ ಒಂದು ಹೊತ್ತಿಗೆ ಕೊಳ್ಳಲೇಬೇಕು. ದಿನಾ ಶೇ 5ರ ಲೋವರ್ ಸರ್ಕ್ಯೂಟ್ ಮುಟ್ಟುವ ಷೇರಿಗೆ ಮಾರುವವರ ಸಾಲೇ ಸಾಲು. ಕೊಳ್ಳುವವರು ಭಾವ ಒಬ್ಬರೇ!

ಭಾವನ ಪಾಲಿಗೆ ಸುಜ್ಲಾನ್ ಷೇರೇ ಪುರಾಣ. 2020ರ ಮಾರ್ಚ್‌ನಲ್ಲಿ 2 ರೂಪಾಯಿ ಆಸುಪಾಸಿನಲ್ಲಿದ್ದದ್ದು 2024ರಲ್ಲಿ 80 ದಾಟಿದ ಅಧ್ಯಾಯವನ್ನು ಬಾಯಿಪಾಠ ಒಪ್ಪಿಸುತ್ತಾರೆ. 2008ರಲ್ಲಿ 800 ದಾಟಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಸೇರಿ ಚಿಲ್ಲರೆ ಕಾಸಿಗಿಳಿದ ಅಧ್ಯಾಯ ಬಂದಾಗ ಕಾಫಿ ಕೇಳುತ್ತಾರೆ.

ನಗುವ ಯೋಗ್ಯತೆ ನನಗೂ ಕಡಿಮೆಯೇ. ನನ್ನ ಎಫ್‌ಡಿ ಬಡ್ಡಿಯನ್ನು ಬೇಳೆ, ಎಣ್ಣೆಯ ಬೆಲೆಯೇ ನುಂಗುತ್ತದೆ. ಭಾವ ಯಾರಿಗೂ ಮೋಸ ಮಾಡಿದವರಲ್ಲ, ‘ಟಿಪ್’ ಕೊಟ್ಟು ಯಾರನ್ನೂ ಮುಳುಗಿಸಿದವರಲ್ಲ. ಮಾರುವವರೆಗೆ ನಷ್ಟ ಬರೀ ಕಾಗದದ್ದು ಎಂದು ನಂಬಿದ್ದಾರೆ. ಮಾರಿದರೆ ಹೆಂಡತಿಗೆ ಲೆಕ್ಕ ಒಪ್ಪಿಸಬೇಕಲ್ಲ! ತಾಳ್ಮೆ ಎಂದು ಅವರು ಕರೆಯುವುದರಲ್ಲಿ ಅರ್ಧಕ್ಕರ್ಧ ಈ ಸಂಕೋಚವೇ ಇದೆ.

ನಿಮ್ಮ ಮನೆಯಲ್ಲೂ ಇಂಥ ಭಾವ ಇದ್ದರೆ ವಾದ ಮಾಡಬೇಡಿ. ಅವರ ಕೈಗೆ ಹೊಸ ದುಡ್ಡು ಬಂದ ದಿನ ಊಟಕ್ಕೆ ಕರೆದು, ಫೋನ್ ಮುಟ್ಟಲು ಬಿಡದೆ ಮಾತಾಡಿಸುತ್ತಿರಿ. ಮಾರುಕಟ್ಟೆ ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ.