ಇಕ್ಕಳರಾಯರು

ವಿಕ್ಟೋರಿಯಾ ಕಾಲದ ಇಂಗ್ಲಿಷರಿಗೆ ನಗುವೇ ಬರುತ್ತಿರಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಲಂಡನ್ನಿನ ಹಳೇ ಸಾಮಾನಿನ ಅಂಗಡಿಯಿಂದ ಸೋದರಳಿಯ ಒಂದು ಪುಟ್ಟ ಫೋಟೊ ತಂದುಕೊಟ್ಟ ಮೇಲೆ ಆ ನಂಬಿಕೆ ಸಡಿಲವಾಯಿತು. ರಟ್ಟಿಗೆ ಅಂಟಿಸಿದ ಕಂದು ಚಿತ್ರ. ಗಿರಿಜಾಮೀಸೆಯ ರಾಯರೊಬ್ಬರು ಕಂಬಕ್ಕೆ ಮೊಣಕೈ ಊರಿ ಗಂಭೀರವಾಗಿ ನಿಂತಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಬೂಟುಗಳ ಹಿಂದೆ ಇನ್ನೊಂದು ಪಾದ!

ಅದು ಕಬ್ಬಿಣದ ಸ್ಟ್ಯಾಂಡಿನದು. ಫೋಟೊ ಮೂಡಲು ಕೆಲವು ಸೆಕೆಂಡುಗಳೇ ಬೇಕಿದ್ದ ಕಾಲ. ತಲೆ ಅಲ್ಲಾಡಿದರೆ ಮುಖವೆಲ್ಲ ಕಲಸುಮೇಲೋಗರ. ಅದಕ್ಕೇ ತಲೆಯ ಹಿಂದೊಂದು ಇಕ್ಕಳ. ಇಕ್ಕಳಕ್ಕೆ ತಲೆ ಕೊಟ್ಟವರು ನಗುವುದಾದರೂ ಹೇಗೆ?

ಇಂಥ ಪುಟ್ಟ ರಟ್ಟಿನ ಫೋಟೊಗಳಿಗೆ ಪ್ಯಾರಿಸ್ಸಿನ ಫೋಟೊಗ್ರಾಫರ್ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದ. ಒಂದೇ ಗಾಜಿನ ಮೇಲೆ ಸಾಮಾನ್ಯವಾಗಿ ಎಂಟು ಚಿತ್ರ ತೆಗೆದು, ಅಚ್ಚು ಹಾಕಿ, ಕತ್ತರಿಸಿ, ಸುಮಾರು 64ಕ್ಕೆ 100 ಮಿಲಿಮೀಟರಿನ ರಟ್ಟಿಗೆ ಅಂಟಿಸುವುದು. ‘ಕಾರ್ತ್ ದ ವಿಸಿತ್’ ಅಂದರೆ ವಿಸಿಟಿಂಗ್ ಕಾರ್ಡು. ಆದರೆ ಜನ ಬಾಗಿಲಲ್ಲಿ ಕೊಟ್ಟದ್ದಕ್ಕಿಂತ ಆಲ್ಬಮ್ಮಿಗೆ ಸಿಕ್ಕಿಸಿದ್ದೇ ಹೆಚ್ಚು. 1860ರಲ್ಲಿ ಮೇಯಲ್ ಎಂಬಾತ ರಾಣಿಯ ಕುಟುಂಬದ ಕಾರ್ಡುಗಳನ್ನೇ ಮಾರಾಟಕ್ಕೆ ಬಿಟ್ಟ ಮೇಲಂತೂ ಹುಚ್ಚು ನೆತ್ತಿಗೇರಿತು. ಕಾಸಿದ್ದರೆ ಸೋದರತ್ತೆಯ ಮಗ್ಗುಲಿಗೇ ಮಹಾರಾಣಿ!

ಈ ಫೋಟೊಗಳ ಕಾಗದಕ್ಕೆ ಬಳಿಯುತ್ತಿದ್ದದ್ದು ಕೋಳಿಮೊಟ್ಟೆಯ ಬಿಳಿ ಲೋಳೆ. ಇದನ್ನು ಮನೆಯಲ್ಲಿ ಹೇಳಬಾರದಿತ್ತು. “ದೇವರ ಕಪಾಟಿನಿಂದ ಮೊದಲು ಅದನ್ನ ತೆಗೀರಿ” ಎಂದಳು ಹೆಂಡತಿ. ನೂರೈವತ್ತು ವರ್ಷದ ಹಿಂದಿನ ಮೊಟ್ಟೆ ಕಣೇ ಎಂದೆ. ಹಾಗಾದರೆ ಕೆಟ್ಟೂ ಹೋಗಿದೆ ಎಂದಳು.

ತೆಗೆಯುವಾಗ ಹಿಂಬದಿ ನೋಡಿದೆ. ಬಳ್ಳಿಚಿತ್ತಾರದ ನಡುವೆ ಸ್ಟುಡಿಯೋ ಹೆಸರು, ವಿಳಾಸ. ನೆಗೆಟಿವ್ ಜೋಪಾನವಾಗಿದೆ, ಪ್ರತಿ ಯಾವಾಗ ಬೇಕಾದರೂ ಸಿಗುತ್ತದೆ ಎಂಬ ಭರವಸೆ. ವಿಸಿಟಿಂಗ್ ಕಾರ್ಡಂತೆ, ರಾಯರ ಹೆಸರೇ ಇಲ್ಲ! ಲಂಡನ್ನಿನಲ್ಲೇ ಇದ್ದ ಕಮೀಯ್ ಸಿಲ್ವಿ ಎಂಬ ಫೋಟೊಗ್ರಾಫರನ ಬಳಿ ಹೋಗಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ಆತ ಒಂದೊಂದು ಚಿತ್ರವನ್ನೂ ದಿನಚರಿ ಪುಸ್ತಕಕ್ಕೆ ಅಂಟಿಸಿ ಹೆಸರು, ನಂಬರು ಬರೆದಿಡುತ್ತಿದ್ದ. ಸುಮಾರು 17,000 ಚಿತ್ರಗಳ ಆ ಲೆಕ್ಕ ಈಗ ಅಲ್ಲಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ.

ನಮ್ಮವರಿಗೆ ಇಕ್ಕಳರಾಯರು ಎಂದು ನಾಮಕರಣವಾಯಿತು. ಸದ್ಯಕ್ಕೆ ಪುಸ್ತಕದ ಕಪಾಟಿನಲ್ಲಿ, ನಿಘಂಟಿಗೆ ಒರಗಿ ನಿಂತಿದ್ದಾರೆ.