ಅಗ್ಗಪ್ಪನ ಕೀಲಿಕೈ

ಅಪ್ಪ-ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ಬಾದನಹಟ್ಟಿಯವರಿಗೆ ಆತ ಅಗ್ಗಪ್ಪ. ಇಂಥವನೊಬ್ಬ ನಿಮ್ಮೂರಲ್ಲೂ ಇದ್ದಾನು. ನೀವು ಮಿಕ್ಸರ್ ಕೊಂಡು ಇನ್ನೂ ಡಬ್ಬಿ ಒಡೆದಿರುವುದಿಲ್ಲ, ಬಾಗಿಲಲ್ಲೇ ನಿಂತು "ಎಷ್ಟಕ್ಕ ತಂದ್ರಿ?" ಎನ್ನುತ್ತಾನೆ. ನೀವು ಎಷ್ಟೇ ಹೇಳಿ, "ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ?" ಎಂದು ನಿಮ್ಮ ಖುಷಿಯಲ್ಲಿ ನೂರಕ್ಕೆ ನಲವತ್ತು ಕಡಿತ ಮಾಡಿ ಹೊರಟುಹೋಗುತ್ತಾನೆ.

ಹಾಗಂತ ಆಸಾಮಿ ಅಪ್ರಾಮಾಣಿಕನಲ್ಲ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ವೇಬ್ರಿಡ್ಜಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಭತ್ತದ ಟ್ರ್ಯಾಕ್ಟರ್ ತೂಕಕ್ಕೆ ಹತ್ತಿದರೆ ಡ್ರೈವರನನ್ನು ಸೀಟಿನಿಂದ ಇಳಿಸದೆ ಬಟನ್ ಒತ್ತುವುದಿಲ್ಲ. ಒಮ್ಮೆ ಟ್ರೇಲರ್ ಮೇಲೆ ಕೂತ ಕಾಗೆಯನ್ನು ಓಡಿಸಿ ಆಮೇಲೆ ಚೀಟಿ ಹರಿದುಕೊಟ್ಟ ಎಂದು ಹಮಾಲರು ಇವತ್ತಿಗೂ ನಗುತ್ತಾರೆ.

ಮುಂಗಾರಿನಲ್ಲಿ ಅಪ್ಪನ ಜೊತೆ ಮೆಣಸಿನಕಾಯಿ ಬೀಜ ತರಲು ಹೋದಾಗಲಂತೂ ಆತನನ್ನು ನೋಡಬೇಕು. ಪೊಟ್ಟಣವನ್ನು ಬೆಳಕಿಗೆ ಹಿಡಿದು ಲಾಟ್ ನಂಬರ್ ಓದುತ್ತಾನೆ, ಅವಧಿ ಮುಗಿಯುವ ತಾರೀಖು ನೋಡುತ್ತಾನೆ, ಕೊನೆಗೆ ಬಿಲ್ ಕೇಳುತ್ತಾನೆ. ಒಮ್ಮೆ ಅಂಗಡಿಯವನು ದನಿ ತಗ್ಗಿಸಿ, "ಬಿಲ್ ಬ್ಯಾಡ ಅಂದ್ರ ಒಂದಿಷ್ಟು ಕಮ್ಮಿ ಮಾಡಿಕೊಡ್ತೀನಿ" ಅಂದದ್ದೇ ತಡ, ಅಗ್ಗಪ್ಪ ಸಿಡಿದ: "ಬಿಲ್ ಇಲ್ಲದ ಬೀಜ ಮೊಳಕಿ ಒಡೀಲಿಲ್ಲ ಅಂದ್ರ ಯಾರನ್ನ ಕೇಳೋದ್ರಿ? ಮಣ್ಣನ್ನ ಕೇಳ್ಲಾ?" ಕೃಷಿ ಇಲಾಖೆಯವರು ಪ್ರತಿ ವರ್ಷ ಮೈಕ್ ಹಿಡಿದು ಹೇಳಿದರೂ ತಲೆಗೆ ಹೋಗದ ಮಾತು ಆವತ್ತು ಇಡೀ ಅಂಗಡಿಗೆ ತಿಳಿಯಿತು. ಅಪ್ಪ ಮಗನನ್ನು ಹೆಮ್ಮೆಯಿಂದ ನೋಡಿದರು.

ಇದು ಹಗಲಿನ ಅಗ್ಗಪ್ಪ. ರಾತ್ರಿ ಹತ್ತಾದ ಮೇಲೆ ಬೇರೊಬ್ಬ ಹುಟ್ಟುತ್ತಾನೆ.

ಆತನ ಕಂಪ್ಯೂಟರ್ ಇರುವುದು ಒಣಮೆಣಸಿನಕಾಯಿ ಚೀಲ ಒಟ್ಟಿದ ಕೋಣೆಯಲ್ಲಿ. ಆಡುತ್ತಾ ಆಡುತ್ತಾ ಸೀನುತ್ತಾನೆ. ಆನ್‌ಲೈನ್ ಗೆಳೆಯರು ಆತನನ್ನು ಹೆಸರಿಗಿಂತ ಸೀನಿನಿಂದಲೇ ಗುರುತು ಹಿಡಿಯುತ್ತಾರಂತೆ. ಆಟಗಳೋ ನೂರಾರು. ಯಾವುದಕ್ಕೂ ಪೂರಾ ಬೆಲೆ ಕೊಟ್ಟವನಲ್ಲ. ಆಟ ಬೇಕಾದರೆ ಒಂದು 'ಕೀ' ಬೇಕು: ಐದೈದು ಅಕ್ಷರದ ಮೂರು ಗೊಂಚಲು. ಅದನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಡಿದರೆ ಆಟ ನಿಮ್ಮ ಖಾತೆಗೆ ಇಳಿಯುತ್ತದೆ. ಈ ಕೀಲಿಗಳನ್ನು ಆಟ ಮಾಡಿದವರಲ್ಲದೆ ಮೂರನೆಯವರೂ ಮಾರುವ ಸಂತೆಗಳು ಇಂಟರ್‌ನೆಟ್ಟಿನಲ್ಲಿವೆ. ಅಗ್ಗಪ್ಪ ಆ ಸಂತೆಯ ಕಾಯಂ ಗಿರಾಕಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಸೀಮೆಗೆ ಸೀಮೆಯೇ ಎದೆ ಹಿಡಿದು ಕೂತಿತ್ತು. ಅಗ್ಗಪ್ಪನೂ ಕೂತಿದ್ದ. ಪರದೆಯ ಎಡಕ್ಕೆ ಜಲಾಶಯದ ಹೊರಹರಿವು, ಬಲಕ್ಕೆ ಒಂದು ಆಟದ ಕೀಲಿಯ ದರ. ಎರಡೂ ಇಳಿಯಲಿ ಎಂದು ದೇವರಲ್ಲಿ ಬೇಡುತ್ತಿದ್ದ.

ಒಂದು ಸಂಜೆ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಸಿಕ್ಕ. ಸ್ಟೀಮ್‌ನಲ್ಲೇ ಪೂರಾ ಬೆಲೆ ಕೊಟ್ಟು ಯಾಕೆ ಕೊಳ್ಳುವುದಿಲ್ಲ ಎಂದು ನಾನು ಕೆಣಕಿದೆ.

"ಡಾಲರ್ ರೇಟು ನಮಗ್ಯಾಕ ಮಾಮ?" ಅಂದ.

"ಸ್ಟೀಮ್‌ನಾಗ 2015ರಿಂದ ರೂಪಾಯಿ ರೇಟೇ ಐತಲ್ಲೋ. ಎಷ್ಟೋ ಆಟ ಅಮೆರಿಕದವ್ರಿಗಿಂತ ನಮಗ ಕಮ್ಮಿ."

"ಅದು ಎಲ್ಲಾರಿಗೂ ಕಮ್ಮಿ. ಪಕ್ಕದ ಮನಿಯವನಿಗಿಂತ ಕಮ್ಮಿ ಬಿದ್ರಷ್ಟ ಅದು ಅಗ್ಗ."

ಅಗ್ಗಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಯಾವ ಅರ್ಥಶಾಸ್ತ್ರದಲ್ಲೂ ಓದಿಲ್ಲ.

ಸಂತೆಯಲ್ಲಿ ಎಲ್ಲ ಎತ್ತೂ ಕದ್ದವಲ್ಲ, ಅದನ್ನು ಒಪ್ಪಬೇಕು. ಸೇಲ್ ಇದ್ದಾಗ ಕೊಂಡಿಟ್ಟು ಮಾರುವವರಿದ್ದಾರೆ, ಕಟ್ಟಿನಲ್ಲಿ ಬಂದ ಬೇಡದ ಆಟವನ್ನು ದಾಟಿಸುವವರಿದ್ದಾರೆ, ದರ ಕಮ್ಮಿ ಇರುವ ದೇಶದಲ್ಲಿ ಕೊಂಡು ಹೆಚ್ಚಿರುವ ಕಡೆ ಮಾರುವವರಿದ್ದಾರೆ. ಕಷ್ಟ ಇರುವುದು ನಾಲ್ಕನೆಯವರಲ್ಲಿ. ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ನೂರಾರು ಕೀಲಿ ಎತ್ತಿ ಸಂತೆಗೆ ಸುರಿಯುತ್ತಾರೆ. ತಿಂಗಳ ಮೇಲೆ ಕಾರ್ಡಿನ ಯಜಮಾನ ಬ್ಯಾಂಕಿಗೆ ದೂರು ಕೊಡುತ್ತಾನೆ. ಬ್ಯಾಂಕು ಆಟ ಮಾಡಿದವನಿಂದ ದುಡ್ಡು ವಾಪಸ್ ಕಿತ್ತುಕೊಳ್ಳುತ್ತದೆ, ಮೇಲೆ ದಂಡವನ್ನೂ ಹಾಕುತ್ತದೆ. ಅಷ್ಟರಲ್ಲಿ ಕಳ್ಳನ ಕೈಗೆ ರೊಕ್ಕ, ಗಿರಾಕಿಯ ಕೈಗೆ ಆಟ ಸೇರಿರುತ್ತವೆ. ಮಾಡಿದವನ ಕೈಯಲ್ಲಿ ಉಳಿಯುವುದು ಬ್ಯಾಂಕಿನ ಚೀಟಿ.

ಇದನ್ನೆಲ್ಲ ಹೇಳಿದರೆ ಅಗ್ಗಪ್ಪ ಪುರಾವೆ ಬೇಕೆಂದ. ತೂಕದ ಮನುಷ್ಯ, ಬಾಯಿಮಾತು ನಂಬುವವನಲ್ಲ. ಝೆಕ್ ದೇಶದ ಪ್ರಾಗ್ ಊರಿನ ವೂಬೆ ಎಂಬ ಸಣ್ಣ ಕಂಪನಿಯ 'ಫ್ಯಾಕ್ಟೋರಿಯೋ' ಆಟದ ಕಥೆ ಹೇಳಿದೆ. ಕದ್ದ ಕೀಲಿ ಮಾರಾಟವಾಗಿದ್ದು ಸಾಬೀತಾದರೆ ಆದ ನಷ್ಟದ ಹತ್ತು ಪಟ್ಟು ಕೊಡುತ್ತೇವೆಂದು ಜಿ2ಎ ಎಂಬ ಕೀಲಿ ಸಂತೆ 2019ರಲ್ಲಿ ಸವಾಲು ಹಾಕಿತು. ವೂಬೆಯವರು ತಮ್ಮ ಪಟ್ಟಿ ಕೊಟ್ಟರು. 198 ಕದ್ದ ಕೀಲಿ ತಮ್ಮಲ್ಲಿ ಮಾರಾಟವಾಗಿದ್ದು ನಿಜವೆಂದು ಜಿ2ಎ 2020ರಲ್ಲಿ ಒಪ್ಪಿ 39,600 ಡಾಲರ್ ತೆತ್ತಿತು.

ಅಗ್ಗಪ್ಪ ಕಣ್ಣು ಮುಚ್ಚಿದ. ಪಶ್ಚಾತ್ತಾಪ ಎಂದುಕೊಂಡೆ. ಭಾಗಾಕಾರ.

"ಕೀಲಿಗೆ ಇನ್ನೂರು ಡಾಲರ್ ಬಿತ್ತಲ್ಲ ಮಾಮ! ಭಾಳ ತುಟ್ಟಿ." ಅಷ್ಟೇ ಸಾಲದೆಂದು, "ಆ ಫ್ಯಾಕ್ಟೋರಿಯೋದವ್ರು ಯಾವತ್ತೂ ಒಂದ್ ರೂಪಾಯಿ ಡಿಸ್ಕೌಂಟ್ ಕೊಡಂಗಿಲ್ಲ ಅಂತ ನಿಯಮಾನ ಮಾಡಿಕೊಂಡಾರ. ಅಂಥವ್ರಿಗೆ ಹಂಗ ಆಗಬೇಕು" ಎಂದ. ಡಿಸ್ಕೌಂಟ್ ಕೊಡದಿರುವುದು ಆತನ ದಂಡಸಂಹಿತೆಯಲ್ಲಿ ಕಳವಿಗಿಂತ ದೊಡ್ಡ ಅಪರಾಧ.

ಅದೇ 2019ರಲ್ಲಿ ಮೈಕ್ ರೋಸ್ ಎಂಬ ಆಟದ ಪ್ರಕಾಶಕ, ಆ ಸಂತೆಯಲ್ಲಿ ಕೊಳ್ಳುವುದಕ್ಕಿಂತ ನಮ್ಮ ಆಟವನ್ನು ಪೈರಸಿಯನ್ನಾದರೂ ಮಾಡಿಕೊಳ್ಳಿ ಎಂದು ಬೇಸತ್ತು ಹೇಳಿದ್ದನ್ನೂ ತಿಳಿಸಿದೆ. ಹೇಳಬಾರದಿತ್ತು. ಅಗ್ಗಪ್ಪನ ಮುಖ ಹುಣ್ಣಿಮೆಯಾಯಿತು. "ಮಾಡಿದವ್ರೇ ಹೇಳ್ಯಾರೇನು? ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪಗೂ ಇರಲಿ."

ಕೊನೆಗೆ ಆತನದೇ ಹೊಲಕ್ಕೆ ಇಳಿದೆ. ನಮ್ಮದು ತುಂಗಭದ್ರೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ನೆಚ್ಚಿದ ಸೀಮೆ. ಆತನ ಗದ್ದೆ ಇರುವುದು ಉಪಕಾಲುವೆಯ ತುದಿಯಲ್ಲಿ. 'ಆನ್ ಆ್ಯಂಡ್ ಆಫ್' ಪಾಳಿಯಲ್ಲಿ ನೀರು ಬಿಟ್ಟಾಗ ಮೇಲಿನವರು ರಾತ್ರಿ ಪಂಪ್‌ಸೆಟ್ ಹಚ್ಚಿದರೆ ಇವನಿಗೆ ದಕ್ಕುವುದು ಹಸಿ ಕೆಸರು. ಪ್ರತಿ ವರ್ಷ ಕೊನೆಯ ಭಾಗದ ರೈತರ ಧರಣಿಯಲ್ಲಿ ಅಗ್ಗಪ್ಪನದೇ ದೊಡ್ಡ ಗಂಟಲು.

"ಪಂಪ್ ಹಚ್ಚಿದವ್ರು ನಿನ್ನ ಗದ್ದಿಗೆ ಬಂದು ಏನಾರ ಕದ್ದಾರೇನಪಾ?" ಅಂದೆ.

"ಗದ್ದಿಗೆ ಯಾಕ ಬರ್ತಾರ? ಮ್ಯಾಲೇ ಕುಡಿದುಬಿಡ್ತಾರ. ಅವ್ರು ಕದಿಯೋದು ನೀರಲ್ಲ ಮಾಮ, ನಮ್ಮ ಅನ್ನ."

"ಆಟ ಮಾಡಿದವನ ಗದ್ದಿನೂ ಕಾಲುವಿ ತುದಿಗೇ ಐತಿ."

ಸ್ವಲ್ಪ ಹೊತ್ತು ಮಂಡಕ್ಕಿ ಆರಿಸುತ್ತ ಕೂತ. "ಆತ ಎಲ್ಲೋ ಪ್ರಾಗ್‌ನಾಗ ಅದಾನ. ನನಗೇನು ಕಾಣ್ತಾನೇನು?"

"ಮೇಲಿನವ್ರಿಗೆ ನೀನಾರ ಕಾಣ್ತೀಯೇನು?"

ಅಗ್ಗಪ್ಪ ಉತ್ತರ ಕೊಡಲಿಲ್ಲ. ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ. ಬಿಲ್ ನಾನು ಕೊಟ್ಟೆ.

ತಿಂಗಳೊಪ್ಪತ್ತಿನಲ್ಲಿ ಆಗಬೇಕಾದ್ದು ಆಯಿತು. ಹೊಸ ಆಟವೊಂದನ್ನು ಅರ್ಧಕ್ಕಿಂತ ಕಮ್ಮಿಗೆ ಹೊಡೆದು ಎಂಟು ದಿನ ಹಗಲುರಾತ್ರಿ ಆಡಿದ್ದ. ಒಂಬತ್ತನೇ ದಿನ ಆಟ ಖಾತೆಯಿಂದ ಮಾಯ. ಕೀಲಿ ರದ್ದಾಗಿತ್ತು. ಮಾರಿದವನ ಗುರುತಿಗೆ ಒಂದು ಅಡ್ಡಹೆಸರು ಮತ್ತು ಬೆಕ್ಕಿನ ಚಿತ್ರ ಬಿಟ್ಟರೆ ಏನೂ ಇಲ್ಲ. ಮೆಣಸಿನಕಾಯಿ ಚೀಲಗಳ ನಡುವೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ: "ನಾನು ರೊಕ್ಕ ಕೊಟ್ಟೀನಿ! ಯಾರನ್ನ ಕೇಳ್ಲಿ ಈಗ?"

ಹೊರಗೆ ಹೊರಸಿನ ಮೇಲೆ ಮಲಗಿದ್ದ ಅಪ್ಪ ಮಗ್ಗಲು ಬದಲಿಸಿದರು. "ಬಿಲ್ ಐತೇನಪಾ?"

ಒಳಗೆ ಸದ್ದಿಲ್ಲ.

"ಇಲ್ಲಂದ್ರ ಮಣ್ಣನ್ನ ಕೇಳು" ಎಂದು ಮುಸುಕೆಳೆದರು.

ಅಗ್ಗಪ್ಪ ಸುಧಾರಿಸಿದನೇ ಎಂದು ಕೇಳುತ್ತೀರಿ. ಸುಧಾರಿಸಿದ್ದಾನೆ. ಈಗ ಬಿಲ್ ಕೊಡುವ ಕೀಲಿ ಸಂತೆಯನ್ನೇ ಹುಡುಕಿಕೊಂಡಿದ್ದಾನೆ. ಬಿಲ್ಲಿನಲ್ಲಿ ಮಾರಿದವನ ಹೆಸರಿನ ಜಾಗದಲ್ಲಿ ಈ ಸಲ ನಾಯಿಯ ಚಿತ್ರವಿದೆ.

ಆತನನ್ನು ಇಷ್ಟು ಆಡಿಕೊಂಡವನು ನನ್ನ ಒಂದು ವಿಷಯವನ್ನೂ ಹೇಳಿಬಿಡಬೇಕು. ಹೋದ ವರ್ಷ ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಿಸಬೇಕಿತ್ತು. ಅಂಗಡಿಯ ದರ ಕೇಳಿ ತಲೆ ತಿರುಗಿತ್ತು. "ನನಗೊಂದು ಮಾತು ಹೇಳಬಾರದಾ ಮಾಮ" ಎಂದು ಅಗ್ಗಪ್ಪ ಐದು ನಿಮಿಷದಲ್ಲಿ ಒಂದು ಕೀಲಿ ತರಿಸಿಕೊಟ್ಟ. ಎಲ್ಲಿಂದ ಅಂತ ನಾನು ಕೇಳಲಿಲ್ಲ, ಎಷ್ಟು ಅಂತ ಮಾತ್ರ ಕೇಳಿದೆ. ಆ ಲ್ಯಾಪ್‌ಟಾಪಿನಲ್ಲೇ ಈ ನೀತಿಪಾಠ ಬೆರಳಚ್ಚು ಮಾಡುತ್ತಿದ್ದೇನೆ. ಕಾಲುವೆಯ ಪ್ಯಾರಾ ಮುಗಿಸುವ ಹೊತ್ತಿಗೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಬೂದಿ ಬಣ್ಣದ ಎರಡು ಸಾಲು ಮೂಡಿದವು: 'ಆಕ್ಟಿವೇಟ್ ವಿಂಡೋಸ್' ಎಂದು ಶುರುವಾಗುತ್ತವೆ. ಎಷ್ಟು ಒರೆಸಿದರೂ ಹೋಗುತ್ತಿಲ್ಲ.

ಅಗ್ಗಪ್ಪನಿಗೆ ಫೋನ್ ಮಾಡಿದೆ. "ಬಿಲ್ ಐತೇನ್ ಮಾಮ?" ಅಂದ.