ಬನ್ನಿ, ನಿಂತ್ಕೊಳ್ಳಿ

ಬೇಡಕ್ಕ, ಕುರ್ಚಿ ತರಿಸಬೇಡಿ. ನಿಮ್ಮ ಈ ಕಾಂಪೌಂಡ್ ಗೋಡೆ ಮೊಣಕೈ ಊರೋದಕ್ಕೆ ಸರಿಯಾದ ಎತ್ತರ ಇದೆ, ನಿಂತೇ ಮಾತಾಡ್ತೀನಿ. ನೀವು ಬೇಕಾದ್ರೆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ನಂಗೇನೂ ಬೇಜಾರಿಲ್ಲ.

ಕೂರದೇ ಬದುಕೋದು ನಮ್ಮ ಕಡೆ ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ ನೋಡಿ. ಯಾರ ಮನೆಗೆ ಹೋದ್ರೂ ಚಪ್ಪಲಿ ಬಿಡೋ ಮುಂಚೆ 'ಬನ್ನಿ, ಕೂತ್ಕೊಳ್ಳಿ'. ಕೂರಲ್ಲ ಅಂದ್ರೆ ಮುಖ ಸಣ್ಣಗಾಗುತ್ತೆ. ನಮ್ಮ ಸೋದರತ್ತೆ ಮನೇಲಿ ಗೋಡೆಗೆ ಒರಗಿ ನಿಂತೇ ಕಾಫಿ ಕುಡಿದು ಬಂದೆ. ಸಾಯಂಕಾಲದೊಳಗೆ ನೆಂಟರಿಗೆಲ್ಲ ಫೋನ್ ಹೋಗಿತ್ತು: ಆ ಹಳೇ ಸೈಟಿನ ಜಗಳ ಇವಳು ಇನ್ನೂ ಮರೆತಿಲ್ಲ ಅಂತ.

ಏನು ಆಪರೇಷನ್ ಅಂತ ಕೇಳಿದ್ರಲ್ಲ. ಬೀದಿಯೋರು ಆಗಲೇ ನಂಗೆ ಬೇಕಾದಷ್ಟು ಮಾಡಿ ಮುಗಿಸಿದ್ದಾರೆ. ಮೂಲೆಮನೆಯೋರ ಲೆಕ್ಕದಲ್ಲಿ ಗರ್ಭಕೋಶ ತೆಗೆಸಿದೀನಿ, ಹಾಲಿನ ಬೂತಿನಲ್ಲಿ ಮೂಲವ್ಯಾಧಿ, ಇಸ್ತ್ರಿಯವನಿಗೆ ಬೆನ್ನಿನ ಡಿಸ್ಕು. ಯಾವುದೂ ಅಲ್ಲ. ಬೆನ್ನುಮೂಳೆ ಮುಗಿಯೋ ಕಡೆಯಿಂದ ಪುಡೆಂಡಲ್ ನರ ಅಂತ ಹೊರಡುತ್ತೆ, ಎಡಕ್ಕೊಂದು ಬಲಕ್ಕೊಂದು. ಪೃಷ್ಠದ ಒಳಗೆ ಎರಡು ಗಟ್ಟಿ ಲಿಗಮೆಂಟುಗಳ ಸಂದೀಲಿ ನುಸುಳಿ, ಒಂದು ಕಿರುಸುರಂಗ ಹೊಕ್ಕು, ಕೆಳಗಿನ ನಾಜೂಕಿನ ಜಾಗಕ್ಕೆಲ್ಲ ಕವಲೊಡೆಯುತ್ತೆ. ಆ ಸುರಂಗವನ್ನ ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ ಅನ್ನೋನು 1830ರ ದಶಕದಲ್ಲೇ ಬರೆದಿಟ್ಟಿದ್ದನಂತೆ. ಈಗಲೂ ಅವನ ಹೆಸರಲ್ಲೇ ಕರೀತಾರೆ. ನರ ಅಲ್ಲೆಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ, ನೀರಿನ ಪೈಪಿನ ಮೇಲೆ ಮಂಚದ ಕಾಲು ಇಟ್ಟ ಹಾಗೆ. ಕೂತ್ರೆ ಉರಿ, ನಿಂತ್ರೆ ಕಮ್ಮಿ.

ಕಮೋಡ್ ಮೇಲೆ ಕೂತ್ರೆ ಮಾತ್ರ ಅಷ್ಟು ನೋಯಲ್ಲ, ಭಾರ ಮಧ್ಯದ ಜಾಗಕ್ಕೆ ಬೀಳಲ್ಲವಲ್ಲ. ಮೆತ್ತನೆ ಸೋಫಾದಲ್ಲಿ ಜೀವ ಹೋಗುತ್ತೆ. ಇದನ್ನ ಮನೇಲಿ ಹೇಳಿ ನೋಡಿ, ಯಾರು ನಂಬ್ತಾರೆ? ಸಾಲದ್ದಕ್ಕೆ ರಾತ್ರಿ ಒಳ್ಳೇ ನಿದ್ದೆ. 'ನಿಜವಾಗಿ ನೋವಿದ್ರೆ ಹೀಗೆ ಗೊರಕೆ ಹೊಡೀತಿದ್ಯೇನೇ?' ಅಂತ ನಮ್ಮನೆಯೋರು. ಅದೇ ಅಕ್ಕ ಇದರ ಗುರುತು! ಫ್ರಾನ್ಸಿನ ನಾಂತ್ ಅನ್ನೋ ಊರಿನ ಡಾಕ್ಟರುಗಳ ಗುಂಪು 2008ರಲ್ಲಿ ಐದು ಲಕ್ಷಣ ಗೊತ್ತುಮಾಡಿತು. ನೋವು ಈ ನರ ಹರಡಿರೋ ಜಾಗದಲ್ಲೇ ಇರಬೇಕು, ಕೂತ್ರೆ ಜಾಸ್ತಿಯಾಗಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಮುಟ್ಟಿದ್ರೆ ಸ್ಪರ್ಶ ಸರಿಯಾಗೇ ತಿಳೀಬೇಕು, ನರದ ಹತ್ತಿರ ಮರಗಟ್ಟಿಸೋ ಇಂಜೆಕ್ಷನ್ ಕೊಟ್ರೆ ನೋವು ತಗ್ಗಬೇಕು. ನಮ್ಮನೆಯೋರ ಕೈಲಿ ಮೂರನೇದನ್ನ ಗಟ್ಟಿಯಾಗಿ ಓದಿಸಿದೆ.

ಇಷ್ಟು ತಿಳಿಯೋ ಹೊತ್ತಿಗೆ ಉರಿಮೂತ್ರದ ಮಾತ್ರೆ, ಹೆಂಗಸರ ಡಾಕ್ಟ್ರು, ಸೊಂಟದ ಸ್ಕ್ಯಾನು ಎಲ್ಲ ಸುತ್ತಿಯಾಗಿತ್ತು. ಈ ಜಾಗದ ನೋವು ಹೇಳೋಕೆ ನಮ್ಮ ಹೆಂಗಸರಿಗೆ ಬಾಯೇ ಬರಲ್ಲವಲ್ಲ, ಎಲ್ಲಾನೂ ಸೊಂಟದ ಲೆಕ್ಕಕ್ಕೆ ಹಾಕಿಬಿಡ್ತೀವಿ.

ಆಪರೇಷನ್‌ನಲ್ಲಿ ಹಿಂಭಾಗದಿಂದ ಕೊಯ್ದು, ಲಿಗಮೆಂಟ್ ಕತ್ತರಿಸಿ, ನರಕ್ಕೆ ಜಾಗ ಬಿಡಿಸ್ತಾರೆ. ಹೊಲಿಗೆ ಬೇಗ ಮಾಯ್ತು. ನೋವು ಹೊಲಿಗೆ ಜೊತೆ ಹೋಗಲ್ಲ, ಅದು ಯಾರ ತಲೆಗೂ ಹೋಗಲ್ಲ. ಪೆಟ್ಟಾದ ನರ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಡಾಕ್ಟ್ರು ಮೊದಲೇ ಹೇಳಿದ್ರು. ನಾಂತ್‌ನವರು 32 ಜನರನ್ನ ಎರಡು ಗುಂಪು ಮಾಡಿ ನೋಡಿ, 2005ರಲ್ಲಿ ಪ್ರಕಟಿಸಿದ್ದಾರೆ. ಮೂರು ತಿಂಗಳಿಗೆ, ಆಪರೇಷನ್ ಆದೋರಲ್ಲಿ ಅರ್ಧ ಜನ ಸುಧಾರಿಸಿದ್ರು, ವರ್ಷದ ಹೊತ್ತಿಗೆ ನೂರಕ್ಕೆ 71. ಆಪರೇಷನ್ ಆಗದೋರಲ್ಲಿ ನೂರಕ್ಕೆ 13. ಸುಧಾರಿಸಿದ್ರು ಅಂದ್ರೆ ಪೂರ್ತಿ ವಾಸಿ ಅಂತಲ್ಲ. ಇದನ್ನ ಮುಚ್ಚುಮರೆಯಿಲ್ಲದೆ ಹೇಳಿದ ಡಾಕ್ಟ್ರ ಮೇಲೇ ನಂಗೆ ನಂಬಿಕೆ ಬಂದಿದ್ದು.

ಅಮ್ಮ ಬಂದು ಮತ್ತೊಂದು ಸಲ ಬಾಣಂತನಕ್ಕೇ ಶುರು ಹಚ್ಕೊಂಡ್ರು. ಡಬ್ಬಿ ತುಂಬಾ ಅಂಟಿನುಂಡೆ! ಅಮ್ಮಾ, ಇದರಲ್ಲಿ ತಿಣುಕಬಾರದು, ತಿಣುಕಿದ್ರೆ ನರಕ್ಕೇ ಏಟು, ಪಪ್ಪಾಯ ಕೊಡು ಅಂದೆ. ಉಂಡೆ ಎಲ್ಲ ನಮ್ಮನೆಯೋರ ಹೊಟ್ಟೆ ಸೇರಿತು, ಅವರಿಗೇ ಬಾಣಂತನ ಆದಂಗಾಯ್ತು. ನಾದಿನಿ ಒಬ್ಬಳು ಮೊಬೈಲ್ ನೋಡಿ ಬಿಗಿಹಿಡಿಯೋ ವ್ಯಾಯಾಮ ಹೇಳಿಕೊಡೋಕೆ ಬಂದ್ಳು. ನಮ್ಮ ಫಿಸಿಯೋಥೆರಪಿ ಹುಡುಗಿ ಹೇಳಿದ್ದು ತಿರುಗಾಮುರುಗಾ: ಅಲ್ಲಿನ ಸ್ನಾಯು ಆಗಲೇ ಬಿಗಿದುಕೊಂಡಿವೆ, ಸಡಿಲ ಬಿಡೋದು ಕಲೀರಿ ಮೊದಲು.

ಮಜಾ ಶುರುವಾಗಿದ್ದು ಬ್ಯಾಂಕಿಗೆ ವಾಪಸ್ ಕೆಲಸಕ್ಕೆ ಹೋದ್ಮೇಲೆ. ಸರ್ಟಿಫಿಕೇಟಿನಲ್ಲಿ ಡಾಕ್ಟ್ರು 'ಸದ್ಯಕ್ಕೆ ಹಗುರ ಕೆಲಸ' ಅಂತ ಬರೆದಿದ್ರು. ಮ್ಯಾನೇಜರು ಒಳ್ಳೇ ಮನುಷ್ಯರು. ಓದಿದವರೇ, 'ನೀವೇನೂ ಮಾಡಬೇಡಿ ಮೇಡಂ, ಆ ಮೂಲೇಲಿ ಹಾಯಾಗಿ ಕೂತಿರಿ' ಅಂದ್ರು! ಆಫೀಸಲ್ಲಿ ಹಗುರ ಕೆಲಸ ಅಂದ್ರೆ ಕೂರೋದು, ನಂಗೆ ಅದಕ್ಕಿಂತ ಭಾರದ ಕೆಲಸ ಇನ್ನೊಂದಿಲ್ಲ. ಸ್ಟ್ರಾಂಗ್ ರೂಮಿಗೆ ಓಡಾಡು ಅನ್ನಿ, ಚಲನ್ ತುಂಬಿಸು ಅನ್ನಿ, ಪಾಸ್‌ಬುಕ್ ಪ್ರಿಂಟರ್ ಹತ್ರ ದಿನವಿಡೀ ನಿಲ್ಲಿಸಿ. ಕೊನೆಗೆ ನಮ್ಮ ಅಟೆಂಡರು ದಾರಿ ಕಂಡುಹಿಡಿದ. ಗೋದಾಮಿನಿಂದ ಹಳೇ ಲೆಡ್ಜರುಗಳನ್ನ ಹೊತ್ತು ತಂದು ಮೇಜಿನ ಮೇಲೆ ಪೇರಿಸಿ, ಅದರ ಮೇಲೆ ನನ್ನ ಕಂಪ್ಯೂಟರ್ ಇಟ್ಟ. ಕಂಪ್ಯೂಟರ್ ಬಂದು ಮೂಲೆಗೆ ಬಿದ್ದಿದ್ದ ಲೆಡ್ಜರುಗಳು ಈಗ ಅದನ್ನೇ ತಲೆ ಮೇಲೆ ಹೊತ್ಕೊಂಡಿವೆ.

ಪಿಂಚಣಿ ತಗೊಳ್ಳೋಕೆ ಬರೋ ಒಬ್ಬ ಯಜಮಾನರು ನಾನು ನಿಂತಿರೋದು ನೋಡಿ ಕೈ ಮುಗಿದು, 'ಕೂತ್ಕೊಳ್ಳಿ ತಾಯಿ, ನಾನೇನು ಅಷ್ಟು ದೊಡ್ಡ ಮನುಷ್ಯನಲ್ಲ' ಅಂದ್ರು. ನಾನೂ ಸುಮ್ಮನಿದ್ದೆ. ಬ್ಯಾಂಕಿನ ಹೆಸರಿಗೆ ಒಂದಿಷ್ಟು ಮರ್ಯಾದೆ ಬರೋದಾದ್ರೆ ಬರಲಿ.

ಕೇರಳದಲ್ಲಿ, ಕೋಳಿಕ್ಕೋಡಿನ ಜವಳಿ ಅಂಗಡಿ ಹೆಣ್ಣುಮಕ್ಕಳು ದಿನವೆಲ್ಲ ನಿಲ್ಲಿಸ್ತಾರೆ ಅಂತ ಹೋರಾಡಿ, 2018ರಲ್ಲಿ ಕೂರೋ ಹಕ್ಕು ಪಡೆದ್ರು ಗೊತ್ತಾ? ತಮಿಳುನಾಡು 2021ರಲ್ಲಿ ಕಾನೂನು ಮಾಡಿತು. ನಂಗೆ ನಿಲ್ಲೋ ಹಕ್ಕು ಬೇಕು. ತಮಾಷೆಗಲ್ಲ ಅಕ್ಕ, ಎರಡೂ ಒಂದೇ ಜಗಳ. ನಮ್ಮ ಮೈ ಯಾವಾಗ ಕೂರಬೇಕು, ಯಾವಾಗ ನಿಲ್ಲಬೇಕು ಅಂತ ಇನ್ಯಾರೋ ಗೊತ್ತುಮಾಡ್ತಾರಲ್ಲ, ಅದು.

ಈಗೀಗ ಮನೇಲಿ ಸ್ವಲ್ಪ ಸ್ವಲ್ಪ ಹೊತ್ತು ಕೂರ್ತೀನಿ. ಮಧ್ಯಕ್ಕೆ ಕತ್ತರಿಸಿದ ದಿಂಬಿದೆ, ಮೊಬೈಲಲ್ಲಿ ಅಲಾರಂ. ನೋವು ಶುರುವಾದ್ಮೇಲೆ ಏಳೋದಲ್ಲ, ಶುರುವಾಗೋ ಮುಂಚೆ ಏಳಬೇಕು. ಚೆನ್ನಾಗಿದೆ ಅಂತ ಅನ್ನಿಸಿದ ದಿನವೇ ಎಚ್ಚರ ತಪ್ಪಬಾರದು, ಈ ನರ ಇವತ್ತಿನ ಬಾಕಿ ನಾಳೆ ವಸೂಲಿ ಮಾಡುತ್ತೆ. ದಿಂಬು ನೋಡಿ ಎಲ್ಲರೂ ಮೂಲವ್ಯಾಧಿ ಅಂದ್ಕೊಂಡಿದ್ದಾರೆ. ಅಂದ್ಕೊಳ್ಳಲಿ. ಮೂಲವ್ಯಾಧಿಗೆ ಮರ್ಯಾದೆ ಇದೆ, ಎಲ್ಲರ ಹತ್ರಾನೂ ಒಂದೊಂದು ಮದ್ದಿದೆ. ಪುಡೆಂಡಲ್ ಅಂದ್ರೆ ಮಾತೇ ನಿಂತುಹೋಗುತ್ತೆ.

ಬಸ್ಸಾ? ಸ್ಕೂಟರ್ ಸದ್ಯಕ್ಕಿಲ್ಲ, ಬಸ್ಸೇ. ಶಕ್ತಿ ಯೋಜನೆ ಬಂದ್ಮೇಲೆ ಸೀಟಿಗೆ ಎಷ್ಟು ಪೈಪೋಟಿ ನೋಡ್ತೀರಲ್ಲ. ಖಾಲಿ ಸೀಟಿನ ಪಕ್ಕ ಕಂಬ ಹಿಡಿದು ನಿಂತಿರೋಳು ನಾನೊಬ್ಬಳೇ. ಕಂಡಕ್ಟರಮ್ಮ ಮೊದಮೊದಲು ಅನುಮಾನವಾಗಿ ನೋಡ್ತಿದ್ರು, ಈಗ ಬೇರೆಯೋರಿಗೆ 'ಕೂತ್ಕೊಳ್ರಮ್ಮ, ಅವರು ಕೂರಲ್ಲ' ಅಂತ ಅವರೇ ಹೇಳ್ತಾರೆ.

ಅದಿರಲಿ, ನಿಮ್ಮ ಮೊಮ್ಮಗಳ ಆರತಕ್ಷತೆಗೆ ಕರೀತಿದ್ದೀರಲ್ಲ, ಊಟ ಬಫೆಯೋ ಪಂಕ್ತಿಯೋ? ಬಫೆ ಅಂದ್ರೆ ನೀವು ಮೂಗು ಮುರೀತೀರಿ, ಗೊತ್ತು. ಪಂಕ್ತಿನೇ ಇರಲಿ ಬಿಡಿ. ನಂಗೆ ಚಿರೋಟಿ ಬಡಿಸೋ ಕೆಲಸ ಕೊಡಿ, ಸಾಲಿನ ಉದ್ದಕ್ಕೂ ಓಡಾಡ್ಕೊಂಡಿರ್ತೀನಿ.